ಎಐ ನೀತಿ, ಸೈಬರ್ ಭದ್ರತೆ, ವಿಶ್ವಶಾಂತಿ: ನಮ್ಮೂರಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ವಾರವಿಡೀ ಮಂಗಳೂರಿನ ಒಂದು ಆಫೀಸಿನಲ್ಲಿ ಕಂಪ್ಯೂಟರ್‌ಗಳ ಕಾವಲು ಕಾಯುವುದು ನನ್ನ ಕೆಲಸ. ಭಾನುವಾರ ಕರೆದಲ್ಲಿಗೆ ಹೋಗಿ ಮಾತಾಡುತ್ತೇನೆ. ಯುವಕ ಮಂಡಲ, ಮಹಿಳಾ ಮಂಡಲ, ಕಾಲೇಜು, ಒಮ್ಮೆ ಮದುವೆ ಹಾಲ್‌ನಲ್ಲಿ ಊಟದ ಪಂಕ್ತಿಗೆ ಕಾಯುತ್ತಿದ್ದವರ ನಡುವೆಯೂ ಆಯ್ತು. ಸುರತ್ಕಲ್‌ನಿಂದ ಕುಂದಾಪುರದವರೆಗೆ ಎಲ್ಲಿ ಹೋದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಒಂದು ಕಡೆ ಬರೆದಿಟ್ಟಿದ್ದೇನೆ.

ಎಐ ನೀತಿ, ಸೈಬರ್ ಭದ್ರತೆ, ವಿಶ್ವಶಾಂತಿ. ಈ ಮೂರಕ್ಕೂ ಎಂತ ಸಂಬಂಧ ಮಾರಾಯ್ರೆ?

ಇದಕ್ಕೆ ನಾನು ಪಿಗ್ಮಿಯಿಂದ ಶುರು ಮಾಡುತ್ತೇನೆ. 1928ರಲ್ಲಿ ಉಡುಪಿಯ ಬ್ಯಾಂಕೊಂದು ಪಿಗ್ಮಿ ಠೇವಣಿ ತಂದಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಏಜೆಂಟ್ ಮನೆ ಬಾಗಿಲಿಗೆ ಬರುತ್ತಿದ್ದ. ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಿದ್ದ. ಲೆಕ್ಕ ತಪ್ಪಿದರೆ ಮರುದಿನ ಅವನನ್ನೇ ಅಂಗಳದಲ್ಲಿ ನಿಲ್ಲಿಸಿ ಕೇಳಬಹುದಿತ್ತು.

ಈಗ ನಿಮಗೆ ಸಾಲ ಕೊಡಬಹುದಾ ಬೇಡವಾ ಎಂದು ಒಂದು ಪ್ರೋಗ್ರಾಮ್ ಹೇಳುತ್ತದೆ. ಬೇಡ ಎಂದರೆ ಯಾಕೆ ಎಂದು ಕೇಳಲು ಅಂಗಳಕ್ಕೆ ಯಾರೂ ಬರುವುದಿಲ್ಲ. ಎಐ ನೀತಿಯವರು ಎಂದರೆ ಎಐ, ಅಂದರೆ ಕೃತಕ ಬುದ್ಧಿಮತ್ತೆ, ಮಾಡುವುದರಲ್ಲಿ ಸರಿ ಯಾವುದು ತಪ್ಪು ಯಾವುದು ಎಂದು ನೋಡುವವರು. ಅವರ ತಲೆಬಿಸಿ ಇದೇ. ಯಂತ್ರ ತಪ್ಪು ಮಾಡಿದರೆ ಉತ್ತರ ಕೊಡುವವರು ಯಾರು? ಸೈಬರ್ ಭದ್ರತೆಯವರ ತಲೆಬಿಸಿ, ಆ ಯಂತ್ರದೊಳಗೆ ಬೇರೆ ಯಾರಾದರೂ ಕೈ ಹಾಕಿದರೆ? ಶಾಂತಿಯ ಬಗ್ಗೆ ಕೆಲಸ ಮಾಡುವವರದು ಇನ್ನೂ ದೊಡ್ಡದು. ಆ ಕೈ ಬೇರೆ ದೇಶದ್ದು ಎಂದು ಅನುಮಾನ ಬಂದರೆ, ತಿರುಗಿ ಹೊಡೆಯುವ ಮೊದಲು ನಿಂತು ವಿಚಾರಿಸುವವರು ಯಾರು? ಒಟ್ಟಿನಲ್ಲಿ ಎಲ್ಲರೂ ಹುಡುಕುತ್ತಿರುವುದು ಆ ಪಿಗ್ಮಿ ಏಜೆಂಟನನ್ನೇ.

ಎಐ ನೀತಿ ತಜ್ಞರು ಎಂದರೆ ಉಪದೇಶ ಮಾಡುವವರಾ?

ಕೆಲವರು ಹಾಗೂ ಇದ್ದಾರೆ, ಸುಳ್ಳು ಯಾಕೆ ಹೇಳಲಿ. ಆದರೆ ಒಳ್ಳೆಯವರು ಮಾಡುವುದು ಅಳತೆಯ ಕೆಲಸ.

ಗೇರುಬೀಜ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹೆಂಗಸರ ಕೈ ನೋಡಿದ್ದೀರಾ? ಸಿಪ್ಪೆಯ ಎಣ್ಣೆ ತಾಗಿ ತಾಗಿ ಬೆರಳ ತುದಿ ಕಪ್ಪಾಗಿ, ಚರ್ಮ ಎದ್ದು ಹೋಗಿರುತ್ತದೆ. ಅಂಥವರು ರೇಷನ್ ಅಂಗಡಿಗೆ ಹೋಗಿ ಹೆಬ್ಬೆಟ್ಟು ಒತ್ತಿದರೆ ಮೆಷಿನ್ ಒಂದೊಂದು ಸಲ ಒಪ್ಪುವುದೇ ಇಲ್ಲ. ಸೀರೆ ಸೆರಗಿಗೆ ಬೆರಳು ಒರೆಸಿ ಮತ್ತೊಮ್ಮೆ, ಇನ್ನೊಂದು ಬೆರಳು, ಮತ್ತೆ ಇನ್ನೊಂದು. ಹಿಂದೆ ನಿಂತವರಿಗೆ ಅವಸರ. ಮೆಷಿನ್ ಮಾಡಿದವರು ಕೆಟ್ಟವರೇನಲ್ಲ. ಅವರು ಪರೀಕ್ಷೆ ಮಾಡುವಾಗ ಇಂಥ ಬೆರಳು ಎದುರಿಗೆ ಇರಲಿಲ್ಲ, ಅಷ್ಟೇ. ಯಾರ ಬೆರಳು ಲೆಕ್ಕಕ್ಕೆ ಬಂದಿಲ್ಲ ಎಂದು ಹುಡುಕುವುದೇ ನೀತಿಯವರ ದಿನದ ಕೆಲಸ.

ಇದನ್ನು ಅಂಕಿಯಲ್ಲಿ ತೋರಿಸಿಕೊಟ್ಟವರು ಜಾಯ್ ಬುಲಾಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಸಂಶೋಧಕಿಯರು. 2018ರಲ್ಲಿ ಅವರು ದೊಡ್ಡ ಕಂಪನಿಗಳ ಮುಖ ಗುರುತಿಸುವ ಪ್ರೋಗ್ರಾಮ್‌ಗಳನ್ನು ಪರೀಕ್ಷೆ ಮಾಡಿದರು. ಫೋಟೋ ನೋಡಿ ಗಂಡಾ ಹೆಣ್ಣಾ ಎಂದು ಹೇಳುವ ಸುಲಭದ ಕೆಲಸ. ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ನೂರಕ್ಕೆ 0.8. ಕಪ್ಪು ಚರ್ಮದ ಹೆಂಗಸರಲ್ಲಿ ನೂರಕ್ಕೆ 34.7ರವರೆಗೆ! ಅದಾದ ಮೇಲೆ ಕಂಪನಿಗಳು ಗಡಿಬಿಡಿಯಲ್ಲಿ ರಿಪೇರಿಗೆ ಇಳಿದವು.

ಕಂಪನಿಯಲ್ಲೇ ಸಂಬಳ ತೆಗೆದುಕೊಳ್ಳುವ ನೀತಿ ತಜ್ಞರನ್ನು ನಂಬಬಹುದಾ?

ಅರ್ಧ ನಂಬಬಹುದು. ಒಳಗಿದ್ದವರಿಗೆ ಮಾತ್ರ ಕಾಣುವ ವಿಷಯಗಳು ಇರುತ್ತವೆ, ಆದ್ದರಿಂದ ಅವರು ಬೇಕು. ಆದರೆ ಅವರ ಕುರ್ಚಿ ಗಟ್ಟಿಯಿಲ್ಲ. ಇದೇ ಗೆಬ್ರು 2020ರ ಡಿಸೆಂಬರ್‌ನಲ್ಲಿ ಗೂಗಲ್‌ನಿಂದ ಹೊರಬಂದರು. ದೊಡ್ಡ ಭಾಷಾ ಮಾದರಿಗಳ, ಅಂದರೆ ಮನುಷ್ಯರ ಹಾಗೆ ಬರೆಯುವ ಎಐಗಳ, ಅಪಾಯದ ಬಗ್ಗೆ ಬರೆದ ಒಂದು ಪ್ರಬಂಧ ಜಗಳಕ್ಕೆ ಕಾರಣ. ತೆಗೆದು ಹಾಕಿದರು ಎಂದು ಅವರು, ರಾಜೀನಾಮೆ ಎಂದು ಕಂಪನಿ. 2023ರ ಮೇಯಲ್ಲಿ, ಈಗಿನ ಎಐಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಕೂಡ ಗೂಗಲ್ ಬಿಟ್ಟರು, ಅಪಾಯದ ಬಗ್ಗೆ ಮುಕ್ತವಾಗಿ ಮಾತಾಡಬೇಕು ಎಂದು. ಮರುವರ್ಷ ಅವರಿಗೆ ಭೌತಶಾಸ್ತ್ರದ ನೊಬೆಲ್ ಬಂತು.

ಈ ಇಬ್ಬರೂ ಒಂದೇ ಪಕ್ಷ ಎಂದುಕೊಳ್ಳಬೇಡಿ. ಹಿಂಟನ್ ಅವರಿಗೆ, ಯಂತ್ರ ನಾಳೆ ನಮ್ಮನ್ನೇ ಮೀರಿಸೀತು ಎಂಬ ಭಯ. ನಾಳೆಯ ಭೂತ ತೋರಿಸಿ ಇವತ್ತಿನ ಅನ್ಯಾಯ ಮುಚ್ಚಬೇಡಿ ಎನ್ನುವುದು ಗೆಬ್ರು ಅವರ ವಾದ. ನನ್ನ ಓಟು ಸದ್ಯ ಗೆಬ್ರು ಕಡೆಗೆ. ರೇಷನ್ ಅಂಗಡಿಯ ಸಾಲು ನೋಡಿದವರಿಗೆ ಹಾಗೆಯೇ ಅನಿಸುತ್ತದೆ.

ಸೈಬರ್ ಭದ್ರತೆಯವರು ಎಂದರೆ ಹ್ಯಾಕರ್‌ಗಳೇ ಅಲ್ವಾ?

ಬೀಗ ರಿಪೇರಿ ಮಾಡುವವನಿಗೂ ಬೀಗ ಒಡೆಯಲು ಬರುತ್ತದೆ. ಅನುಮತಿ ತೆಗೆದುಕೊಂಡು ಒಡೆದರೆ ಕೆಲಸ, ಕೇಳದೆ ಒಡೆದರೆ ಕಳ್ಳತನ.

ಇದರಲ್ಲಿ ರೆಡ್ ಟೀಮ್ ಎಂಬ ಒಂದು ತಂಡ ಇರುತ್ತದೆ. ನಮ್ಮದೇ ವ್ಯವಸ್ಥೆಯನ್ನು ಶತ್ರುವಿನ ಹಾಗೆ ಮುರಿಯಲು ನೋಡುವುದು ಅವರ ಕೆಲಸ. ಈಗ ಎಐಯನ್ನೂ ಹೀಗೆ ಪರೀಕ್ಷೆ ಮಾಡುತ್ತಾರೆ. ನಾನಾ ಬಗೆಯಲ್ಲಿ ಪುಸಲಾಯಿಸಿ, ಹೇಳಬಾರದ್ದನ್ನು ಅದರ ಬಾಯಿಂದ ಹೊರಡಿಸಲು ನೋಡುತ್ತಾರೆ. ತಾಳಮದ್ದಳೆ ಕೇಳಿದವರಿಗೆ ಇದನ್ನು ವಿವರಿಸುವುದೇ ಬೇಡ. ಇವತ್ತು ರಾಮನ ಅರ್ಥ ಹೇಳಿದವರು ನಾಳೆ ವಾಲಿಯಾಗಿ ಕೂತು ಅದೇ ರಾಮನನ್ನು ಮಾತಿನಲ್ಲಿ ಕಟ್ಟಿಹಾಕುತ್ತಾರಲ್ಲ, ಆ ಬುದ್ಧಿಯೇ ಇಲ್ಲಿ ಬೇಕಾದದ್ದು.

ಕಂಪ್ಯೂಟರ್ ಕಳ್ಳತನಕ್ಕೂ ಯುದ್ಧ, ಶಾಂತಿಗೂ ಏನು ಕೆಲಸ?

ಬಂದರಿನ ಊರಿನವರು ಈ ಪ್ರಶ್ನೆ ಕೇಳಬಾರದು! 2017ರ ಜೂನ್ 27ರಂದು ಉಕ್ರೇನಿನಲ್ಲಿ ಲೆಕ್ಕ ಬರೆಯುವ ಒಂದು ಸಾಫ್ಟ್‌ವೇರ್‌ನ ಅಪ್‌ಡೇಟ್ ಮೂಲಕ ನಾಟ್‌ಪೆಟ್ಯಾ ಎಂಬ ಮಾಲ್‌ವೇರ್, ಅಂದರೆ ಕಂಪ್ಯೂಟರ್ ಕೆಡಿಸುವ ಪ್ರೋಗ್ರಾಮ್, ಹರಡಿತು. ಏಟು ಬಿದ್ದದ್ದು ಉಕ್ರೇನಿಗೆ. ಆದರೆ ಅದಕ್ಕೆ ಗಡಿ ಗೊತ್ತಿಲ್ಲವಲ್ಲ. ಡೆನ್ಮಾರ್ಕಿನ ಹಡಗು ಕಂಪನಿ ಮೆರ್ಸ್ಕ್‌ನ ಕಂಪ್ಯೂಟರ್‌ಗಳೆಲ್ಲ ಮಲಗಿದವು. ಸುಮಾರು 4,000 ಸರ್ವರ್, 45,000 ಕಂಪ್ಯೂಟರ್‌ಗಳಿಗೆ 10 ದಿನದಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಿದೆವು ಎಂದು ಆಮೇಲೆ ಕಂಪನಿಯ ಅಧ್ಯಕ್ಷರೇ ಹೇಳಿದರು. ನಮ್ಮ ಮುಂಬೈ ಹತ್ತಿರದ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್ ಕೂಡ ನಿಂತಿತು. ಉಕ್ರೇನ್ ಎಲ್ಲಿ, ಮುಂಬೈ ಎಲ್ಲಿ?

ಈಗ ಪಣಂಬೂರಿನ ನಮ್ಮ ಬಂದರನ್ನು ನೆನೆಸಿಕೊಳ್ಳಿ. ಯಾವ ಡಬ್ಬಿಯಲ್ಲಿ ಕಾಫಿ, ಯಾವುದರಲ್ಲಿ ಗೇರುಬೀಜ, ಯಾವುದು ಯಾವ ಹಡಗಿಗೆ ಎಂಬ ಪಟ್ಟಿ ಕಂಪ್ಯೂಟರ್‌ನಲ್ಲಿ. ಆ ಪಟ್ಟಿ ಹೋದರೆ ಕ್ರೇನ್ ಇದ್ದೂ ಇಲ್ಲದ ಹಾಗೆ, ಲಾರಿಗಳು ಹೆದ್ದಾರಿಯಲ್ಲಿ ಸಾಲು.

ಇದಕ್ಕೂ ಮೊದಲು, 2010ರಲ್ಲಿ, ಸ್ಟಕ್ಸ್‌ನೆಟ್ ಎಂಬ ಇನ್ನೊಂದು ಮಾಲ್‌ವೇರ್ ಬೆಳಕಿಗೆ ಬಂದಿತ್ತು. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಮೃದ್ಧಗೊಳಿಸುವ ಯಂತ್ರಗಳನ್ನು ಅದು ಬೇಕೆಂದೇ ವೇಗ ಹೆಚ್ಚುಕಡಿಮೆ ಮಾಡಿ ಹಾಳು ಮಾಡಿತು. ಮಾನಿಟರ್‌ನಲ್ಲಿ ಮಾತ್ರ ಎಲ್ಲ ಸರಿ ಇದೆ ಎಂದೇ ತೋರಿಸುತ್ತಿತ್ತು. ಬಾಂಬ್ ಹಾಕದೆ ಇನ್ನೊಂದು ದೇಶದ ಯಂತ್ರ ಮುರಿಯಬಹುದು ಎಂದು ಜಗತ್ತಿಗೆ ಅವತ್ತು ಗೊತ್ತಾಯಿತು.

ಶಾಂತಿ ಕೆಡುವುದು ಮುಂದಿನ ಹೆಜ್ಜೆಯಲ್ಲಿ. ಬಾಂಬ್ ಬಿದ್ದರೆ ಎಲ್ಲಿಂದ ಬಂತು ಎಂದು ಕಾಣುತ್ತದೆ. ಇಂಥ ದಾಳಿ ಮಾಡಿದ್ದು ಯಾರು ಎಂದು ಹೇಳಲು ತಿಂಗಳುಗಳೇ ಬೇಕಾಗಬಹುದು, ಬೇಕೆಂದೇ ಬೇರೆಯವರ ಗುರುತು ಬಿಟ್ಟು ಹೋಗುವವರೂ ಇದ್ದಾರೆ. ಸಿಟ್ಟು ಬರಲು ಒಂದು ಗಂಟೆ ಸಾಕು, ಸಾಕ್ಷಿ ಸಿಗಲು ಆರು ತಿಂಗಳು. ಆ ನಡುವಿನ ಸಮಯದಲ್ಲಿ ದೇಶಗಳು ಒಂದಕ್ಕೊಂದು ಫೋನ್ ಎತ್ತುವ ಹಾಗೆ ನೋಡಿಕೊಳ್ಳುವುದಕ್ಕೆ ಒಂದು ಬಳಗವೇ ಇದೆ.

ಮನುಷ್ಯರನ್ನು ಕೊಲ್ಲುವ ರೋಬೋಟ್ ಬರುತ್ತದಂತೆ, ನಿಜವಾ?

ಸಿನಿಮಾದಲ್ಲಿ ಬರುವ ಕೆಂಪು ಕಣ್ಣಿನದ್ದು ಇಲ್ಲ. ಗುರಿಯನ್ನು ತಾನೇ ಆರಿಸಿ ತಾನೇ ಹೊಡೆಯುವ ಶಸ್ತ್ರಗಳ ಬಗ್ಗೆ ಮಾತ್ರ ಜಿನೀವಾದಲ್ಲಿ ವರ್ಷಗಳಿಂದ ಚರ್ಚೆ ನಡೆದಿದೆ. ಅವು ಬೇಡ ಎಂದು 2013ರಿಂದ ಅಂತಾರಾಷ್ಟ್ರೀಯ ಚಳವಳಿಯೂ ಇದೆ. 2023ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಈ ಬಗ್ಗೆ ಒಂದು ನಿರ್ಣಯ ಮಾಡಿತು. 152 ದೇಶಗಳು ಪರ, ನಾಲ್ಕು ವಿರೋಧ. ಆ ನಾಲ್ಕರಲ್ಲಿ ಭಾರತವೂ ಒಂದು. ಇದನ್ನು ಹೇಳಿದಾಗೆಲ್ಲ ಸಭೆಯಲ್ಲಿ ಒಂದು ಗುಸುಗುಸು. ಈ ಚರ್ಚೆ ಜಿನೀವಾದಲ್ಲಿ ಈಗಾಗಲೇ ನಡೆಯುತ್ತಿರುವ ಶಸ್ತ್ರಾಸ್ತ್ರ ಒಪ್ಪಂದದ ಚೌಕಟ್ಟಿನಲ್ಲೇ ನಡೆಯಲಿ, ಇನ್ನೊಂದು ಕಡೆ ಬೇಡ ಎಂಬುದು ಭಾರತದ ನಿಲುವು. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ನನಗೆ ಇಲ್ಲಿ ನೆನಪಾಗುವುದು ವಾಲಿಯೇ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಧರ್ಮವಾ ಎಂದು ಅವನು ಕೇಳುತ್ತಾನೆ. ಅರ್ಥಧಾರಿಗಳು ಇದರ ಮೇಲೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ರಾಮನ ಸಮರ್ಥನೆ ನಿಮಗೆ ಹಿಡಿಸಲಿ ಬಿಡಲಿ, ಅವನು ಮರದ ಮರೆಯಿಂದ ಹೊರಗೆ ಬಂದು ಎದುರು ನಿಂತು ಉತ್ತರ ಕೊಟ್ಟ. ತಾನೇ ಗುರಿ ಹಿಡಿಯುವ ಡ್ರೋನ್ ಹೊಡೆದರೆ ಮರದ ಮರೆಯಿಂದ ಯಾರು ಬರುತ್ತಾರೆ? ಬರೆದ ಇಂಜಿನಿಯರಾ? ಕೊಂಡ ಸರಕಾರವಾ? ಗುಂಡಿ ಒತ್ತಿ ಚಾ ಕುಡಿಯಲು ಹೋದ ಸೈನಿಕನಾ?

ನಡುವೆ ಒಬ್ಬ ಮನುಷ್ಯ ಇದ್ದರೆ ನಿಜವಾಗಿ ಪ್ರಯೋಜನ ಉಂಟಾ? ಮನುಷ್ಯರೂ ತಪ್ಪು ಮಾಡುತ್ತಾರಲ್ಲ.

1983ರ ಸೆಪ್ಟೆಂಬರ್ 26. ಸೋವಿಯತ್ ಸೇನೆಯ ಸ್ಟಾನಿಸ್ಲಾವ್ ಪೆಟ್ರೋವ್ ರಾತ್ರಿ ಪಾಳಿಯಲ್ಲಿ ಇದ್ದರು. ಅಮೆರಿಕದಿಂದ ಕ್ಷಿಪಣಿ ಹೊರಟಿದೆ ಎಂದು ಕಂಪ್ಯೂಟರ್ ಸೈರನ್ ಹೊಡೆಯಿತು. ಮೊದಲು ಒಂದು, ಆಮೇಲೆ ಒಟ್ಟು ಐದು. ಎರಡೂ ಕಡೆ ಆಗ ನರ ಬಿಗಿದು ಕೂತಿದ್ದ ಕಾಲ, ಅದೇ ತಿಂಗಳ ಮೊದಲಲ್ಲಿ ಸೋವಿಯತ್ ವಿಮಾನ ಕೊರಿಯಾದ ಪ್ರಯಾಣಿಕರ ವಿಮಾನವೊಂದನ್ನು ಹೊಡೆದು ಉರುಳಿಸಿತ್ತು. ಪೆಟ್ರೋವ್ ಯೋಚನೆ ಮಾಡಿದರು. ನಿಜವಾಗಿ ಯುದ್ಧ ಶುರು ಮಾಡುವವರು ಬರೀ ಐದು ಬಿಡುತ್ತಾರಾ? ಇದು ಸುಳ್ಳು ಸೂಚನೆ ಎಂದು ಮೇಲಿನವರಿಗೆ ತಿಳಿಸಿದರು. ಕ್ಷಿಪಣಿ ಬರಲೇ ಇಲ್ಲ. ಮೋಡದ ಮೇಲೆ ಬಿದ್ದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿ ಎಂದುಕೊಂಡಿತ್ತು.

ಕಾಲೇಜಿನ ಹುಡುಗನೊಬ್ಬ ಎದ್ದು ಕೇಳಿದ: ಸರ್, ಆ ಪಾಳಿಯಲ್ಲಿ ಬೇರೆಯವರು ಇದ್ದಿದ್ದರೆ? ಒಳ್ಳೆಯ ಪ್ರಶ್ನೆ. ಸುಮ್ನೆ ಮನುಷ್ಯ ಇದ್ದರೆ ಸಾಲದು. ಅವನಿಗೆ ಸಮಯ ಬೇಕು, ಬೇಡ ಎನ್ನುವ ಅಧಿಕಾರ ಬೇಕು, ಬೇಡ ಎಂದರೆ ಕೆಲಸ ಹೋಗುವುದಿಲ್ಲ ಎಂಬ ಧೈರ್ಯ ಬೇಕು. ಯಂತ್ರ ಹೇಳಿದ್ದಕ್ಕೆಲ್ಲ ಸಹಿ ಹಾಕಲು ಒಬ್ಬನನ್ನು ಕೂರಿಸಿದರೆ ಅವನು ರಬ್ಬರ್ ಸ್ಟಾಂಪ್.

ಇದಕ್ಕೆಲ್ಲ ಕಾನೂನು ಇಲ್ವಾ?

ಇದೆ, ಚದುರಿ ಬಿದ್ದಿದೆ. ನಮ್ಮಲ್ಲಿ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆ. ಕಂಪ್ಯೂಟರ್ ಬಳಸಿ ಬೇರೆಯವರ ವೇಷ ಹಾಕಿ ಮೋಸ ಮಾಡಿದರೆ 66ಡಿ ಕಲಮಿನಲ್ಲಿ ಮೂರು ವರ್ಷದವರೆಗೆ ಜೈಲು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್ 1ರಿಂದ ಹಂತ ಹಂತವಾಗಿ ಬರುತ್ತಿದೆ. ಯುನೆಸ್ಕೋದ ಎಐ ನೀತಿ ಶಿಫಾರಸನ್ನು 2021ರಲ್ಲಿ 193 ದೇಶಗಳು ಒಪ್ಪಿದವು. ಶಿಫಾರಸು ಎಂದರೆ ಶಿಫಾರಸೇ, ಮುರಿದರೆ ಜೈಲಿಲ್ಲ. ಮತ್ತೆ ಯುರೋಪಿನ ಕಾಯ್ದೆಯೂ ಯುದ್ಧದ ಎಐಯನ್ನು ಮುಟ್ಟುವುದಿಲ್ಲ, ಅದನ್ನು ಬೇಕೆಂದೇ ಹೊರಗಿಟ್ಟಿದ್ದಾರೆ.

ದುಬೈಯಲ್ಲಿರುವ ಮಗನ ಧ್ವನಿಯಲ್ಲೇ ಫೋನ್ ಬಂತು, ಹಣ ಕೇಳಿದರು. ಇದು ಹೇಗೆ ಸಾಧ್ಯ?

ನಮ್ಮ ಜಿಲ್ಲೆಗಳಲ್ಲಿ ಜಾಸ್ತಿ ಬರುವ ಪ್ರಶ್ನೆ ಇದು. ಮನೆಗೊಬ್ಬರು ಗಲ್ಫ್‌ನಲ್ಲಿ ಇರುತ್ತಾರಲ್ಲ.

ಶಂಕರಪುರದಲ್ಲಿರುವ ನಮ್ಮ ದೊಡ್ಡಮ್ಮನಿಗೆ ಇದೇ ಆಯ್ತು. ಬೆಳಿಗ್ಗೆ ಹತ್ತರ ಹೊತ್ತು. ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದರು. ಕೈಯಲ್ಲಿ ಬಾಳೆನಾರು, ಆದ್ದರಿಂದ ಫೋನ್ ಸ್ಪೀಕರ್‌ನಲ್ಲಿ ಇಟ್ಟರು. 'ಅಮ್ಮಾ, ನಾನು. ಪೊಲೀಸರು ಹಿಡಿದಿದ್ದಾರೆ, ಅರ್ಜೆಂಟ್ ಹಣ ಬೇಕು' ಎಂದು ಅಳು. ಧ್ವನಿ ಅಣ್ಣನದ್ದೇ. ಆದರೆ ಮಾತು ಕನ್ನಡ. ಹುಟ್ಟಿದಾಗಿನಿಂದ ಅವನು ಅಮ್ಮನ ಹತ್ತಿರ ತುಳು ಬಿಟ್ಟು ಬೇರೆ ಮಾತಾಡಿದವನಲ್ಲ. ದೊಡ್ಡಮ್ಮ ಅಭ್ಯಾಸದಂತೆ ತುಳುವಿನಲ್ಲೇ 'ಚಾ ಆಂಡಾ ಮಗಾ?', ಚಾ ಆಯ್ತಾ ಎಂದು ಕೇಳಿದರು. ಆ ಕಡೆ ಒಂದು ಕ್ಷಣ ಮೌನ. ಆಮೇಲೆ ಮತ್ತೆ ಅದೇ ವಾಕ್ಯ, ಅದೇ ಜಾಗದಲ್ಲಿ ಅದೇ ಬಿಕ್ಕಳಿಕೆ. ಇವರು ಫೋನ್ ಇಟ್ಟರು. ಅನುಮಾನದಿಂದ ಅಲ್ಲ, ನಾರು ಒಣಗುತ್ತದೆ, ಹೂವಿನ ಏಜೆಂಟ್ ಬರುವ ಹೊತ್ತಾಯ್ತು ಎಂದು! ಅರ್ಧ ಗಂಟೆ ಬಿಟ್ಟು ನನಗೆ ಫೋನ್ ಮಾಡಿ ಕೇಳಿದರು, 'ಅವನಿಗೆ ಹುಷಾರಿಲ್ವಾ ಹೇಗೆ?'

ಧ್ವನಿ ನಕಲು ಮಾಡಲು ಈಗ ಕೆಲವು ಸೆಕೆಂಡಿನ ರೆಕಾರ್ಡಿಂಗ್ ಸಾಕು. ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ ಹುಟ್ಟುಹಬ್ಬದ ವಿಡಿಯೋ ಧಾರಾಳ. ಮುಖವೂ ಹಾಗೆಯೇ. 2023ರ ನವೆಂಬರ್‌ನಲ್ಲಿ ನಟಿ ರಶ್ಮಿಕಾ ಮಂದಣ್ಣ ಅವರ ಡೀಪ್‌ಫೇಕ್, ಅಂದರೆ ಎಐ ಮಾಡಿದ ನಕಲಿ ವಿಡಿಯೋ, ದೇಶವಿಡೀ ಸುದ್ದಿಯಾಯಿತು. 2024ರಲ್ಲಿ ಹಾಂಕಾಂಗಿನ ಒಂದು ಕಂಪನಿಯ ನೌಕರ ವಿಡಿಯೋ ಕಾಲ್‌ನಲ್ಲಿ ತನ್ನ ಮೇಲಧಿಕಾರಿ, ಸಹೋದ್ಯೋಗಿಗಳನ್ನೆಲ್ಲ ನೋಡಿ ಹಣ ಕಳಿಸಿದ. ಸುಮಾರು 20 ಕೋಟಿ ಹಾಂಕಾಂಗ್ ಡಾಲರ್. ಕಾಲ್‌ನಲ್ಲಿದ್ದ ಉಳಿದವರೆಲ್ಲ ನಕಲಿ.

ತುಳು ಬಂದರೆ ಬಚಾವ್ ಎಂದು ಆರಾಮವಾಗಿ ಇರಬೇಡಿ. 2024ರಲ್ಲಿ ಗೂಗಲ್ ಟ್ರಾನ್ಸ್‌ಲೇಟ್‌ಗೆ ತುಳು ಬಂದಾಯ್ತು. ಕಳ್ಳರೂ ಕಲಿಯುತ್ತಾರೆ. ಮನೆಯವರು ಸೇರಿ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ. ಮನೆಯ ಹಳೆಯ ದನದ ಹೆಸರಾದರೂ ಆಯ್ತು. ವಾಟ್ಸಾಪ್‌ನಲ್ಲಿ ಬರೆಯಬೇಡಿ, ಎದುರೆದುರು ಹೇಳಿ. ಅನುಮಾನ ಬಂದರೆ ಕಾಲ್ ಕಟ್ ಮಾಡಿ, ನಿಮ್ಮ ಹತ್ತಿರ ಇರುವ ನಂಬರಿಗೆ ನೀವೇ ಮಾಡಿ.

ಹಣ ಹೋಗಿಯೇ ಬಿಟ್ಟರೆ?

ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ನಾಚಿಕೆ ಆಮೇಲೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತದೆ, ನಡುವೆ ಎಲ್ಲಾದರೂ ಇದ್ದರೆ ತಡೆಯಬಹುದು, ಎಟಿಎಂನಿಂದ ತೆಗೆದ ಮೇಲೆ ಕಷ್ಟ. ಅದಕ್ಕೇ ಮೊದಲ ಗಂಟೆ ಮುಖ್ಯ. ಕೇಂದ್ರ ಸರಕಾರದ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ಕೊಡಬಹುದು. ನಮ್ಮ ಜಿಲ್ಲೆಗಳಲ್ಲಿ ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳಿಗೆಂದೇ ಸೆನ್ ಪೊಲೀಸ್ ಠಾಣೆ ಇದೆ. ಮೆಸೇಜ್, ಸ್ಕ್ರೀನ್‌ಶಾಟ್ ಅಳಿಸಬೇಡಿ.

'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿದರೆ, ಅಂಥದ್ದೊಂದು ಕಾನೂನಿನಲ್ಲೇ ಇಲ್ಲ. ವಿಡಿಯೋ ಕಾಲ್‌ನಲ್ಲಿ ಯಾವ ಪೊಲೀಸರೂ ಬಂಧಿಸುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಇದನ್ನು ಹೇಳಿದರು. ಆದರೂ ಓದಿದವರೇ ಬೀಳುತ್ತಾರೆ. ನಿವೃತ್ತ ಮೇಷ್ಟ್ರು, ಬ್ಯಾಂಕಿನವರು. ಸರಕಾರಿ ಪತ್ರಕ್ಕೆ ಹೆದರಿ ಬಾಳಿದವರಿಗೆ ಸೀಲು ಕಂಡರೆ ಕೈ ನಡುಗುತ್ತದೆ.

ನಮ್ಮದು ಸಣ್ಣ ಸಂಘ. ನಮ್ಮ ಮೇಲೆ ಯಾರು ದಾಳಿ ಮಾಡುತ್ತಾರೆ?

ಒಂದು ಸಹಕಾರಿ ಸಂಘದಿಂದ ಸೋಮವಾರ ಬೆಳಿಗ್ಗೆ ಫೋನ್ ಬಂತು. ಹೋಗಿ ನೋಡಿದರೆ ಫೈಲುಗಳೆಲ್ಲ ಇವೆ, ಹೆಸರಿನ ಬಾಲ ಮಾತ್ರ ಬದಲಾಗಿದೆ, ಒಂದೂ ತೆರೆಯುವುದಿಲ್ಲ. ಹಣ ಕೊಡಿ ಎಂಬ ಒಂದು ಚೀಟಿ ಡೆಸ್ಕ್‌ಟಾಪ್ ಮೇಲೆ. 'ಬ್ಯಾಕಪ್ ಉಂಟು ಸರ್' ಎಂದು ಕ್ಲರ್ಕ್ ನಗುತ್ತಾ ತೋರಿಸಿದಳು. ಬ್ಯಾಕಪ್‌ನ ಹಾರ್ಡ್ ಡಿಸ್ಕ್ ಅದೇ ಕಂಪ್ಯೂಟರ್‌ಗೆ ಸಿಕ್ಕಿಸಿಯೇ ಇತ್ತು, ಅದರಲ್ಲಿದ್ದದ್ದಕ್ಕೂ ಅದೇ ಗತಿ. ಕೊನೆಗೆ ಕಾಪಾಡಿದ್ದು ಮ್ಯಾನೇಜರ್ ಹಠ ಹಿಡಿದು ದಿನವೂ ಪ್ರಿಂಟ್ ತೆಗೆಸುತ್ತಿದ್ದ ಕಾಗದದ ಲೆಕ್ಕ. ಎಂಟು ದಿನ ಕೂತು ಮತ್ತೆ ಟೈಪ್ ಮಾಡಿದರು. ಆ ಮ್ಯಾನೇಜರನ್ನು 'ಹಳೇ ಕಾಲದವರು' ಎಂದು ಮೊದಲು ನಗಾಡಿದವರಲ್ಲಿ ನಾನೂ ಒಬ್ಬ.

ದಾಳಿ ಮಾಡಿದವರಿಗೆ ಅದು ಸಂಘ ಎಂದೂ ಗೊತ್ತಿರಲಿಕ್ಕಿಲ್ಲ. ಬಲೆ ಬೀಸುವವರು ಮೀನಿನ ಹೆಸರು ಕೇಳುವುದಿಲ್ಲ. ಬ್ಯಾಕಪ್ ತೆಗೆದ ಮೇಲೆ ಡಿಸ್ಕ್ ಬಿಚ್ಚಿ ಕಪಾಟಿನಲ್ಲಿ ಇಡಿ. ಇಷ್ಟು ಮಾಡಿದರೂ ದೊಡ್ಡದು. ಇಂಥದ್ದು ಆದರೆ ಆರು ಗಂಟೆಯೊಳಗೆ ಕೇಂದ್ರ ಸರಕಾರದ ಸೈಬರ್ ತುರ್ತು ತಂಡ ಸರ್ಟ್-ಇನ್‌ಗೆ ತಿಳಿಸಬೇಕು ಎಂದು 2022ರ ನಿರ್ದೇಶನ ಇದೆ. ಆ ಸಂಘದಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಗಳು ಈ ಕ್ಷೇತ್ರಕ್ಕೆ ಹೋಗಬೇಕು ಎನ್ನುತ್ತಾಳೆ. ಇಲ್ಲಿಯೇ ಓದಬಹುದಾ?

ಓದಬಹುದು. ಸುರತ್ಕಲ್‌ನ ಎನ್‌ಐಟಿಕೆ, ಮಣಿಪಾಲದ ಎಂಐಟಿ ನಿಮಗೆ ಗೊತ್ತೇ ಇದೆ. ಮಣಿಪಾಲದಲ್ಲಿ ಅಂತಾರಾಷ್ಟ್ರೀಯ ಸಂಬಂಧಗಳನ್ನು ಕಲಿಸುವ ವಿಭಾಗ ಇದೆ ಎಂಬುದು ಮಾತ್ರ ಸುಮಾರು ಜನರಿಗೆ ಗೊತ್ತಿಲ್ಲ. ಇಂಜಿನಿಯರಿಂಗ್ ಸಿಗಲಿಲ್ಲ ಎಂದು ಅಳುವುದು ಬೇಡ. ಕಾನೂನು ಓದಿದವರು, ಭಾಷೆ ಓದಿದವರು, ಸಮಾಜಕಾರ್ಯದವರು, ಎಲ್ಲರೂ ಬೇಕು. ಕೋಡ್ ಬರೆಯುವವರಿಗೆ ಗೇರುಬೀಜದ ಬೆರಳು ನೆನಪಾಗಲಿಕ್ಕಿಲ್ಲ, ಆ ಮನೆಯಿಂದ ಬಂದ ಹುಡುಗಿಗೆ ನೆನಪಾಗುತ್ತದೆ. ಇಂಗ್ಲಿಷ್ ಬೇಕು, ನಿಜ. ಆದರೆ ತುಳು, ಬ್ಯಾರಿ, ಕೊಂಕಣಿ, ಕುಂದಗನ್ನಡದಲ್ಲಿ ಎಐ ಎಲ್ಲಿ ಎಡವುತ್ತದೆ ಎಂದು ಹೇಳಬಲ್ಲವರು ಜಗತ್ತಿನಲ್ಲಿ ಎಷ್ಟು ಜನ ಇದ್ದಾರೆ, ಹೇಳಿ.

ನಮ್ಮ ಸಂಘಕ್ಕೆ ಬಂದು ಮಾತಾಡುತ್ತೀರಾ?

ಬರುತ್ತೇನೆ. ಪ್ರೊಜೆಕ್ಟರ್ ಬೇಡ, ಕರೆಂಟ್ ಹೋಗುತ್ತದೆ. ಒಂದು ಬೋರ್ಡ್, ಎರಡು ಚಾಕ್‌ಪೀಸ್ ಇದ್ದರೆ ಸಾಕು. ಹಾರ, ಶಾಲು ಬೇಡ. ಹತ್ತಿರದಲ್ಲಿ ಕಂಬಳ ಇರುವ ಭಾನುವಾರ ಇಡಬೇಡಿ, ಜನ ಬರುವುದಿಲ್ಲ, ನಾನೂ ಬರುವುದಿಲ್ಲ. ಬರುವವರಿಗೆ ಫೋನ್ ತರಲು ಹೇಳಿ. ಗುಟ್ಟಿನ ಮಾತು ಅಲ್ಲೇ ಇಟ್ಟು, ಗಲ್ಫಿನವರಿಗೆ ಅಲ್ಲಿಂದಲೇ ಫೋನ್ ಮಾಡಿಸುತ್ತೇನೆ. ಅವರು ಊರಿಗೆ ಬಂದಾಗ ಎದುರೆದುರು ಹೇಳಲಿಕ್ಕುಂಟು ಎಂದಷ್ಟೇ. ಗುಟ್ಟು ಏನೆಂದು ಫೋನಿನಲ್ಲಿ ಬೇಡ.